ಹಾಸಿಗೆ ಇದ್ದಷ್ಟು ಕಾಲು ಚಾಚು: ಕಂಪ್ಯೂಟರ್ ಆಟಕ್ಕೂ ಇದೇ ಗಾದೆ



ನಮ್ಮ ಮನೆಗೆ ಹೊಸ ಕಂಪ್ಯೂಟರ್ ಬಂದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಆದರೆ ಬಂದ ನಾಲ್ಕನೇ ದಿನಕ್ಕೇ ಅದು ಅಂಗಡಿಗೆ ವಾಪಸ್ ಹೋಗುವುದರಲ್ಲಿತ್ತು ಅನ್ನೋದು ಗೊತ್ತಿಲ್ಲ. ಅದಕ್ಕೆ ಕಾರಣ ಕಂಪ್ಯೂಟರ್ ಅಲ್ಲ, ನಾನು. ಆ ತಪ್ಪಿನಿಂದ ಕಲಿತದ್ದನ್ನು ನಮ್ಮ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾಳೆ ನಿಮ್ಮ ಮನೆಗೂ ಕಂಪ್ಯೂಟರ್ ಬಂದರೆ ಉಪಯೋಗಕ್ಕೆ ಬಂದೀತು.

ಈ ಸಲ ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಅಪ್ಪ ಅಕ್ಕನಿಗೆಂದು ಈ ಕಂಪ್ಯೂಟರ್ ತಂದರು. ಅಕ್ಕ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ. ಕಟ್ಟಡದ ನಕ್ಷೆಯನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿ, ಅದನ್ನು ಸುತ್ತಲೂ ತಿರುಗಿಸಿ ನೋಡಬೇಕಂತೆ. ಅದಕ್ಕಾಗಿಯೇ ಅಪ್ಪ ಹೆಚ್ಚಿಗೆ ದುಡ್ಡು ಕೊಟ್ಟು ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರು. ಭಾನುವಾರ ಒಂದು ಗಂಟೆ ಮಾತ್ರ ನನಗೆ ಆಟಕ್ಕೆ ಎಂದು ಒಪ್ಪಂದವಾಗಿತ್ತು.

ಶುಕ್ರವಾರ ಸಂಜೆ ದಾವಣಗೆರೆಯಿಂದ ಡಬ್ಬಗಳು ಬಂದವು. ವೈರುಗಳನ್ನೆಲ್ಲ ನಾನೇ ಜೋಡಿಸ್ತೀನಿ ಅಂತ ಹಟ ಮಾಡಿ ಜೋಡಿಸಿದೆ. ಚಿತ್ರ ಬಂತು. ಗೆದ್ದೆ ಅಂದುಕೊಂಡೆ.

ಭಾನುವಾರ ನಮ್ಮ ಕ್ಲಾಸಿನ ನಾಲ್ಕು ಜನ ಗೆಳೆಯರು ಬಂದರು. ಆಡಿದ ಆಟದ ಹೆಸರು ಸೂಪರ್‌ಟಕ್ಸ್‌ಕಾರ್ಟ್. ಇದು ಪುಟ್ಟ ಗಾಡಿಗಳ ಪಂದ್ಯ. ಲಿನಕ್ಸ್‌ನ ಗುರುತಾದ ಟಕ್ಸ್ ಎಂಬ ಪೆಂಗ್ವಿನ್ ಇದರಲ್ಲಿ ಗಾಡಿ ಓಡಿಸುತ್ತದೆ. ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. 2019ರಲ್ಲಿ ಇದರ 1.0 ಆವೃತ್ತಿ ಬಂದ ಮೇಲೆ ಇಂಟರ್‌ನೆಟ್ ಮೂಲಕ ಬೇರೆ ಊರಿನವರ ಜೊತೆಗೂ ಆಡಬಹುದಾಗಿದೆ.

ಆಟದ ಗ್ರಾಫಿಕ್ಸ್ ಸೆಟ್ಟಿಂಗ್ ತೆಗೆದೆ. ಅಲ್ಲಿ 1ರಿಂದ 6ರವರೆಗೆ ಹಂತಗಳಿದ್ದವು. ಹೊಸ ಕಂಪ್ಯೂಟರ್ ಅಲ್ಲವೇ? 6ಕ್ಕೆ ಇಟ್ಟು, ಇನ್ನೂ ಏನೇನು ಇದೆಯೋ ಎಲ್ಲವನ್ನೂ ಜಾಸ್ತಿ ಮಾಡಿದೆ. ಗಾಡಿ ನಿಂತಾಗ ಚಿತ್ರ ನೋಡಲು ಬಲು ಚೆಂದ! ಹೊರಟ ಕೂಡಲೇ ಬಿಕ್ಕಳಿಕೆ ಬಂದವರ ಹಾಗೆ ನಿಂತು ನಿಂತು ಓಡಿತು. ಎಡಕ್ಕೆ ಒತ್ತಿದರೆ ಅರ್ಧ ಕ್ಷಣ ಬಿಟ್ಟು ಎಡಕ್ಕೆ ತಿರುಗುತ್ತಿತ್ತು. ಅಷ್ಟರಲ್ಲಿ ಗೋಡೆಗೆ ಗುದ್ದಿ ಆಗಿರುತ್ತಿತ್ತು.

“ಲೇ, ನಿಮಗೆ ಡುಪ್ಲಿಕೇಟ್ ಮಾಲು ಕೊಟ್ಟಾರೆ ಬಿಡಲೇ” ಅಂದ ಒಬ್ಬ. ಎಲ್ಲರೂ ನಕ್ಕರು. ಪಡಸಾಲೆಯಲ್ಲಿ ಕೂತಿದ್ದ ಅಪ್ಪನಿಗೂ ಅದು ಕೇಳಿಸಿತು. ಒಳಗೆ ಬಂದು ನೋಡಿ, “ಇಷ್ಟು ದುಡ್ಡು ಸುರಿದು ತಂದದ್ದು ಹಿಂಗೆ ಕುಂಟೋದಾದ್ರೆ ನಮಗೆ ಬೇಡವೇ ಬೇಡ. ನಾಳೆನೇ ವಾಪಸ್” ಅಂದರು. ಅಕ್ಕನ ಮುಖ ಸಣ್ಣದಾಯಿತು. ತಿಂಗಳ ಕೊನೆಗೆ ಅವಳು ನಕ್ಷೆ ಒಪ್ಪಿಸಬೇಕಿತ್ತು. ಎಲ್ಲವನ್ನೂ ಮೇಲಕ್ಕೆ ಏರಿಸಿದ್ದು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಗೆಳೆಯರ ಮುಂದೆ ಮರ್ಯಾದೆ ಪ್ರಶ್ನೆ ನೋಡಿ!

ರಾತ್ರಿ ಊಟವಾದ ಮೇಲೆ ಅಕ್ಕನ ಹತ್ತಿರ ಹೋಗಿ ನಿಜ ಹೇಳಿದೆ. ಅವಳು ಬೈಯಲಿಲ್ಲ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಾ, ಮೊದಲು ಅಳತೆ ಮಾಡಿ ನೋಡೋಣ. ಆಮೇಲೆ ಯಾರನ್ನು ಬೈಬೇಕೋ ಬೈಯೋಣ” ಅಂದಳು.

ಏನನ್ನು ಅಳೆಯಬೇಕು?

ಪರದೆಯ ಮೇಲೆ ಗಾಡಿ ಓಡುವುದು ನಿಜವಾಗಿ ಓಡುವುದಲ್ಲ. ಕಂಪ್ಯೂಟರ್ ಒಂದರ ಹಿಂದೆ ಒಂದು ಬೇರೆ ಬೇರೆ ಚಿತ್ರ ಬಿಡಿಸುತ್ತದೆ. ಬೇಗ ಬೇಗ ಬಂದರೆ ನಮ್ಮ ಕಣ್ಣಿಗೆ ಓಡಿದ ಹಾಗೆ ಕಾಣುತ್ತದೆ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತವೆ ಎಂಬುದಕ್ಕೆ ಎಫ್‌ಪಿಎಸ್ ಎನ್ನುತ್ತಾರೆ. ಸಿನಿಮಾಕ್ಕೆ 24 ಇದ್ದರೂ ಸಾಕು, ಏಕೆಂದರೆ ನಾವು ಸುಮ್ಮನೆ ಕೂತು ನೋಡುತ್ತೇವೆ. ಆಟದಲ್ಲಿ ಹಾಗಲ್ಲ. ಕೀ ಒತ್ತಿದ ಕೂಡಲೇ ಗಾಡಿ ತಿರುಗಬೇಕು. ಸಾಮಾನ್ಯ ಪರದೆಗಳು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತವೆ. ಆದ್ದರಿಂದ 60 ಬಂದರೆ ಆಟ ನುಣುಪಾಗಿ ಸಾಗುತ್ತದೆ. 30ಕ್ಕಿಂತ ಕೆಳಗೆ ಇಳಿದರೆ ಬಿಕ್ಕಳಿಕೆ ಶುರು.

ಈಗ ಲೆಕ್ಕ ನೋಡಿ. ಒಂದು ಸೆಕೆಂಡ್ ಎಂದರೆ 1000 ಮಿಲಿಸೆಕೆಂಡ್. 60ರಿಂದ ಭಾಗಿಸಿದರೆ 16.67. ಅಂದರೆ ಒಂದು ಚಿತ್ರ ಬಿಡಿಸಲು ಸಿಗುವ ಸಮಯ ಸುಮಾರು 16.67 ಮಿಲಿಸೆಕೆಂಡ್ ಮಾತ್ರ. ನಮ್ಮ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿವೆ. ಗುಣಿಸಿದರೆ 20 ಲಕ್ಷ 73 ಸಾವಿರದ 600 ಚುಕ್ಕೆ. ಸೆಕೆಂಡಿಗೆ 60 ಸಲ ಎಂದರೆ 12 ಕೋಟಿ 44 ಲಕ್ಷ 16 ಸಾವಿರ ಚುಕ್ಕೆಗೆ ಬಣ್ಣ ಹಾಕಬೇಕು! ನಾನು ಒಂದು ರಂಗೋಲಿಗೆ ಬಣ್ಣ ತುಂಬಲು ಅರ್ಧ ಗಂಟೆ ತಗೊಳ್ತೀನಿ.

ಎಫ್‌ಪಿಎಸ್ ತೋರಿಸುವಂತೆ ಆಟದ ಸೆಟ್ಟಿಂಗ್‌ನಲ್ಲೇ ಗುರುತು ಹಾಕಬಹುದು. ಹಾಕಿ ನೋಡಿದೆವು. 11 ಬಂತು. ಅಕ್ಕ, “ಕಾರ್ಡ್ ಇದ್ದೂ 11 ಬರ್ತೈತೆ ಅಂದ್ರೆ ಎಲ್ಲೋ ಎಡವಟ್ಟಾಗೈತೆ” ಅಂದಳು.

ಮೊದಲ ತಪ್ಪು: ವೈರು

ಕಂಪ್ಯೂಟರ್ ಆಫ್ ಮಾಡಿ, ಟಾರ್ಚ್ ಹಿಡಿದು ಹಿಂಭಾಗ ನೋಡಿದೆವು. ಪರದೆಯ ವೈರು ಚುಚ್ಚುವ ಜಾಗ ಎರಡು ಕಡೆ ಇತ್ತು. ಮೇಲುಗಡೆ ಮೌಸು, ಕೀಬೋರ್ಡ್ ಚುಚ್ಚುವ ಸಾಲಿನಲ್ಲಿ ಒಂದು. ಅದು ಮದರ್‌ಬೋರ್ಡಿನದು. ಕೆಳಗಡೆ ಅಡ್ಡ ಪಟ್ಟಿಯಲ್ಲಿ ಇನ್ನೊಂದು. ಅದು ಗ್ರಾಫಿಕ್ಸ್ ಕಾರ್ಡಿನದು. ನಾನು ಚುಚ್ಚಿದ್ದು ಮೇಲಿನದಕ್ಕೆ!

ನಮ್ಮ ಪ್ರೊಸೆಸರ್ ಒಳಗೇ ಚಿತ್ರ ಬಿಡಿಸುವ ಸಣ್ಣ ಭಾಗ ಒಂದಿದೆ. ಮೇಲೆ ಚುಚ್ಚಿದ್ದರಿಂದ ಪಾಪ ಅದೊಂದೇ ದುಡಿಯುತ್ತಿತ್ತು. ಅಪ್ಪ ದುಡ್ಡು ಕೊಟ್ಟು ಹಾಕಿಸಿದ ಕಾರ್ಡ್ ಸುಮ್ಮನೆ ಕೂತಿತ್ತು. ಹೊಸ ಎತ್ತು ಕೊಟ್ಟಿಗೆಯಲ್ಲಿ ಮೇಯುತ್ತಿರುವಾಗ ಕರುವನ್ನು ಗಾಡಿಗೆ ಹೂಡಿದ ಹಾಗಾಯಿತು. ಪ್ರೊಸೆಸರ್‌ನಲ್ಲಿ ಆ ಭಾಗ ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಇರುತ್ತಿತ್ತು, ನನ್ನ ತಪ್ಪು ಅವತ್ತೇ ಗೊತ್ತಾಗುತ್ತಿತ್ತು. ಚಿತ್ರ ಬಂದದ್ದರಿಂದಲೇ ನಾನು ಮೋಸ ಹೋದೆ.

ವೈರು ಬದಲಿಸಿ ಆನ್ ಮಾಡಿದೆವು. ಅದೇ ದಾರಿ, ಅದೇ ಸೆಟ್ಟಿಂಗ್. 11 ಇದ್ದದ್ದು 39 ಆಯಿತು. ಕುಣಿದಾಡಿದೆ. ಆದರೂ ತಿರುವುಗಳಲ್ಲಿ ತಡವರಿಸುತ್ತಿತ್ತು.

ಎರಡನೇ ತಪ್ಪು: ಎಲ್ಲವನ್ನೂ ಮೇಲೆ ಇಟ್ಟದ್ದು

“ಇನ್ನು 6ನ್ನು 3 ಮಾಡಿಬಿಡೋಣ” ಅಂದೆ. ಅಕ್ಕ ಬೇಡವೆಂದಳು. ಒಟ್ಟಿಗೆ ಎಲ್ಲ ಇಳಿಸಿದರೆ ಯಾವುದು ಭಾರವಾಗಿತ್ತು ಅಂತ ತಿಳಿಯೋದೇ ಇಲ್ಲ. ವಿಜ್ಞಾನದ ಪ್ರಯೋಗದಲ್ಲಿ ನಮ್ಮ ಮೇಷ್ಟ್ರು ಹೇಳುವುದೂ ಇದನ್ನೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಹಾಗೆಯೇ ಒಂದೊಂದಾಗಿ ಬದಲಿಸಿ, ಪ್ರತಿಸಲ ಅದೇ ದಾರಿಯಲ್ಲಿ ಗಾಡಿ ಓಡಿಸಿ, ಬಂದ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಆ ಹೆಸರುಗಳ ಅರ್ಥ ಹೀಗಿದೆ:

1. ರೆಸಲ್ಯೂಷನ್. ಎಷ್ಟು ಚುಕ್ಕೆಯ ಚಿತ್ರ ಎಂಬುದು. 1280×720 ಇಟ್ಟರೆ 9 ಲಕ್ಷ 21 ಸಾವಿರದ 600 ಚುಕ್ಕೆ ಮಾತ್ರ, ಅರ್ಧಕ್ಕಿಂತ ಕಡಿಮೆ ಕೆಲಸ. ಆದರೆ ಆ ಚಿತ್ರವನ್ನು ದೊಡ್ಡ ಪರದೆಗೆ ಎಳೆದು ಹಿಗ್ಗಿಸುವುದರಿಂದ ಮಸುಕಾಗುತ್ತದೆ. ಹಾಗಾಗಿ ಪರದೆಯ ಸ್ವಂತ ಅಳತೆಯನ್ನೇ ಇಡಿ. ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಇಳಿಸಿ.

2. ನೆರಳು. ಎಲ್ಲಕ್ಕಿಂತ ಭಾರವಾದವುಗಳಲ್ಲಿ ಇದೊಂದು. ಎಲ್ಲಿ ನೆರಳು ಬೀಳುತ್ತದೆ ಎಂದು ತಿಳಿಯಲು ಕಂಪ್ಯೂಟರ್ ಸೂರ್ಯನ ಜಾಗದಲ್ಲಿ ನಿಂತು ಇಡೀ ನೋಟವನ್ನು ಇನ್ನೊಮ್ಮೆ ನೋಡುತ್ತದೆ. ಸೂರ್ಯನಿಗೆ ಕಾಣದ ಜಾಗವೇ ನೆರಳು. ಎಂಥಾ ಜಾಣ ಉಪಾಯ! ಆದರೆ ಹೀಗೆ ಒಂದೇ ಚಿತ್ರಕ್ಕೆ ಮತ್ತೆ ಮತ್ತೆ ದುಡಿಯಬೇಕು. ನೆರಳನ್ನು ಒಂದು ಹಂತ ಇಳಿಸಿದಾಗ 39 ಇದ್ದದ್ದು 48 ಆಯಿತು. ಓಡುವ ಗಾಡಿಯಲ್ಲಿ ಕೂತು ಮರದ ನೆರಳಿನ ಅಂಚು ಎಷ್ಟು ಚೂಪಾಗಿದೆ ಅಂತ ಯಾರು ನೋಡ್ತಾರೆ?

3. ಮೂಲೆಯ ಮಬ್ಬು. ಆಟದಲ್ಲಿ ಇದಕ್ಕೆ ಆಂಬಿಯೆಂಟ್ ಅಕ್ಲೂಷನ್ ಎಂಬ ದೊಡ್ಡ ಹೆಸರಿದೆ. ಗೋಡೆ ಗೋಡೆ ಸೇರುವ ಮೂಲೆಯಲ್ಲಿ, ಕಲ್ಲಿನ ಬುಡದಲ್ಲಿ ಬೆಳಕು ಸ್ವಲ್ಪ ಕಡಿಮೆ ಇರುತ್ತದಲ್ಲ, ಅದನ್ನು ತೋರಿಸುವುದು. ಇದನ್ನು ತೆಗೆದಾಗ 57 ಬಂತು. ತೆಗೆದದ್ದು ನನಗೆ ಗೊತ್ತೇ ಆಗಲಿಲ್ಲ.

4. ಮಂಜಿನಲ್ಲಿ ಬೆಳಕು ಚೆದುರುವುದು, ದೀಪದ ಸುತ್ತ ಹೊಳಪು. ಇವು ಅಲಂಕಾರ. ಮೊದಲನೆಯದನ್ನು ತೆಗೆದೆ, ಹೊಳಪನ್ನು ಉಳಿಸಿಕೊಂಡೆ. 64 ಆಯಿತು.

5. ಟೆಕ್ಸ್ಚರ್. ಆಟದಲ್ಲಿನ ಗೋಡೆ, ರಸ್ತೆ, ಗಾಡಿಗಳ ಮೇಲೆ ಅಂಟಿಸುವ ಬಣ್ಣದ ಹಾಳೆ ಎಂದುಕೊಳ್ಳಿ. ಇವುಗಳನ್ನು ಕಾರ್ಡ್ ತನ್ನದೇ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆ ನೆನಪಿನಲ್ಲಿ ಜಾಗ ಇರುವ ತನಕ ಜಾಸ್ತಿ ಇಟ್ಟರೂ ವೇಗ ಅಷ್ಟೇನೂ ಕಡಿಮೆಯಾಗುವುದಿಲ್ಲ. ಜಾಗ ಮೀರಿದರೆ ಮಾತ್ರ ದೂರದ ಮುಖ್ಯ ನೆನಪಿನಿಂದ ಹೊತ್ತು ತರಬೇಕು, ಆಗ ಆಟ ಗಕ್ಕನೆ ನಿಲ್ಲುತ್ತದೆ. ನಮ್ಮದರಲ್ಲಿ ಜಾಗ ಇತ್ತು, ಇಳಿಸಲಿಲ್ಲ. ಕಣ್ಣಿಗೆ ಚೆಂದ ಕಾಣಲು ಮುಖ್ಯವಾಗಿ ಬೇಕಾದದ್ದೇ ಇದು.

6. ಆಂಟಿ ಅಲಿಯಾಸಿಂಗ್. ಚೌಕುಳಿ ಹಾಳೆಯಲ್ಲಿ ಚೌಕಗಳಿಗೆ ಮಾತ್ರ ಬಣ್ಣ ತುಂಬಿ ಓರೆ ಗೆರೆ ಎಳೆದು ನೋಡಿ. ಮೆಟ್ಟಿಲಿನ ಹಾಗೆ ಕಾಣುತ್ತದೆ. ಆ ಮೆಟ್ಟಿಲನ್ನು ನಯ ಮಾಡುವುದೇ ಇದರ ಕೆಲಸ. ಇದನ್ನು ಉಳಿಸಿಕೊಂಡೆವು.

7. ವಿ-ಸಿಂಕ್. ಪರದೆ ಒಂದು ಚಿತ್ರ ತೋರಿಸುತ್ತಿರುವಾಗಲೇ ಕಾರ್ಡ್ ಇನ್ನೊಂದನ್ನು ಕೊಟ್ಟರೆ ಮೇಲರ್ಧ ಹಳೆಯದು, ಕೆಳಗರ್ಧ ಹೊಸದು ಬಂದು ಹರಿದ ಹಾಳೆಯಂತೆ ಕಾಣುತ್ತದೆ. ವಿ-ಸಿಂಕ್ ಹಾಕಿದರೆ ಕಾರ್ಡ್ ಪರದೆಗಾಗಿ ಕಾಯುತ್ತದೆ, 60ಕ್ಕಿಂತ ಮೇಲೆ ಹೋಗುವುದಿಲ್ಲ. ಅಳತೆ ಮಾಡುವಾಗ ಇದನ್ನು ತೆಗೆದಿಟ್ಟಿದ್ದೆವು. ಇಲ್ಲದಿದ್ದರೆ 64 ಬಂದದ್ದು ಗೊತ್ತೇ ಆಗುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಹಾಕಿದೆವು. ಕಾರ್ಡ್ ಬಿಸಿಯಾಗುವುದೂ ಕಡಿಮೆಯಾಯಿತು.

ಅಪ್ಪನಿಗೆ ಹೇಳಿದ್ದು

ಸೋಮವಾರ ಬೆಳಿಗ್ಗೆ ಅಪ್ಪ ಡಬ್ಬ ಹುಡುಕುತ್ತಿದ್ದರು. ನಾನು ಎದುರಿಗೆ ಹೋಗಿ, “ಅಪ್ಪ, ಕಂಪ್ಯೂಟರ್ ಸರಿಯಾಗೇ ಐತೆ. ವೈರು ತಪ್ಪು ಹಾಕಿದ್ದು ನಾನು, ಎಲ್ಲಾ ಜಾಸ್ತಿ ಇಟ್ಟಿದ್ದೂ ನಾನೇ” ಅಂದೆ. ಏಟು ಬೀಳುತ್ತೆ ಅಂತ ಕಣ್ಣು ಮುಚ್ಚಿದ್ದೆ. ಅಪ್ಪ, “ತೋರಿಸು ನೋಡೋಣ” ಅಂದರು. ಗಾಡಿ ಓಡಿಸಿ ತೋರಿಸಿದೆ. ನೋಟ್‌ಬುಕ್ ತೋರಿಸಿ 16.67 ಮಿಲಿಸೆಕೆಂಡಿನ ಲೆಕ್ಕವನ್ನೂ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅವರು ಹೇಳಿದ್ದು ಇಷ್ಟು:

“ಅಂದ್ರೆ ಇದು ನಮ್ಮ ಪಂಪ್‌ಸೆಟ್ ಇದ್ದಂಗೆ. ತ್ರೀಫೇಸ್ ಕರೆಂಟ್ ಇರೋ ಹೊತ್ತಿನಲ್ಲೇ ಎಲ್ಲಾ ಮಡಿಗೂ ನೀರು ಹೋಗಬೇಕು. ಎಲ್ಲಾದಕ್ಕೂ ತುಂಬಿ ತುಳುಕೋ ಹಂಗೆ ಬಿಡ್ತೀನಿ ಅಂದ್ರೆ ಕೊನೇ ಮಡಿ ಒಣಗ್ತದೆ. ಯಾವುದಕ್ಕೆ ಎಷ್ಟು ಬೇಕು ನೋಡ್ಕೊಂಡು ಬಿಡಬೇಕು.”

ನಾನು ಇಷ್ಟುದ್ದ ಬರೆದದ್ದನ್ನು ಅಪ್ಪ ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರು. ಡಬ್ಬ ಮತ್ತೆ ಅಟ್ಟಕ್ಕೆ ಹೋಯಿತು. ವೈರು ಸರಿ ಜಾಗಕ್ಕೆ ಬಂದ ಮೇಲೆ ಅಕ್ಕನ ಕಟ್ಟಡವೂ ತಡೆಯಿಲ್ಲದೆ ತಿರುಗುತ್ತಿದೆ. ನಕ್ಷೆಯನ್ನು ಹೇಳಿದ ದಿನಕ್ಕೇ ಒಪ್ಪಿಸಿದಳು. ಅಂಗಡಿಯವರದು ಏನೂ ತಪ್ಪಿರಲಿಲ್ಲ, ಸುಮ್ಮನೆ ಬೈದಿದ್ದೆವು.

ನೆನಪಿಡಬೇಕಾದದ್ದು

ಮೊದಲು ವೈರು ಸರಿಯಾದ ಕಡೆ ಇದೆಯೇ ನೋಡಿ. ಎಫ್‌ಪಿಎಸ್ ಅಳೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕಣ್ಣಿಗೆ ಕಾಣದ್ದನ್ನು ಮೊದಲು ಇಳಿಸಿ, ಕಾಣುವುದನ್ನು ಕೊನೆಗೆ ಇಳಿಸಿ. ಬಂದ ಸಂಖ್ಯೆಯನ್ನು ಬರೆದಿಡಿ. ಕ್ಯಾಬಿನೆಟ್ ಮೇಲೆ ಧೂಳು ಬೀಳದಿರಲೆಂದು ಬಟ್ಟೆ ಹೊದಿಸುವವರು, ಆನ್ ಮಾಡುವ ಮುಂಚೆ ಅದನ್ನು ತೆಗೆಯಿರಿ. ಗಾಳಿ ಆಡದಿದ್ದರೆ ಕಾರ್ಡ್ ಬಿಸಿಯಾಗಿ ತಾನೇ ನಿಧಾನವಾಗುತ್ತದೆ.

ಕೊನೆಗೆ ನಿಮಗೆ ಎರಡು ಲೆಕ್ಕ:

(ಅ) ಒಂದು ಪರದೆ ಸೆಕೆಂಡಿಗೆ 75 ಸಲ ಚಿತ್ರ ಬದಲಿಸುತ್ತದೆ. ಒಂದು ಚಿತ್ರಕ್ಕೆ ಎಷ್ಟು ಮಿಲಿಸೆಕೆಂಡ್ ಸಿಗುತ್ತದೆ?

(ಆ) 3840×2160 ಚುಕ್ಕೆಯ ಪರದೆಯಲ್ಲಿ ನಮ್ಮ ಪರದೆಗಿಂತ ಎಷ್ಟು ಪಟ್ಟು ಚುಕ್ಕೆಗಳಿವೆ?

ಉತ್ತರ ಚೀಟಿಯಲ್ಲಿ ಬರೆದು ಗೋಡೆ ಪತ್ರಿಕೆಯ ಪಕ್ಕದ ಡಬ್ಬಿಗೆ ಹಾಕಿ. ಸರಿ ಉತ್ತರ ಬರೆದವರು ಭಾನುವಾರ ನಮ್ಮ ಮನೆಗೆ ಆಡಲು ಬರಬಹುದು. “ಡುಪ್ಲಿಕೇಟ್ ಮಾಲು” ಅಂದವನೂ ಬರಬಹುದು, ಆದರೆ ಅವನು ಎರಡೂ ಲೆಕ್ಕ ಬಿಡಿಸಿರಬೇಕು.

ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ