ನಿವೇಶನದ ಅಳತೆ: ಕ್ರಯಪತ್ರದಲ್ಲೊಂದು, ನಕ್ಷೆಯಲ್ಲೊಂದು

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಮಳಿಗೆ, ಗೋದಾಮು ಅಥವಾ ಅಕ್ಕಿ ಗಿರಣಿಗಾಗಿ ಜಾಗ ಕೊಳ್ಳುವ ವರ್ತಕರು ಚದರ ಅಡಿಯ ದರವನ್ನು ಪಟ್ಟುಹಿಡಿದು ಚೌಕಾಸಿ ಮಾಡುತ್ತಾರೆ. ಆದರೆ ಆ ಚದರ ಅಡಿಯನ್ನು ಯಾವ ಗೆರೆಯಿಂದ ಯಾವ ಗೆರೆಗೆ ಅಳೆಯಲಾಗಿದೆ ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆ ಏಳುವುದು ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸಿದಾಗ. ಅಷ್ಟರಲ್ಲಿ ಕ್ರಯದ ಹಣ ಸಂದಾಯವಾಗಿರುತ್ತದೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಮೇರೆಗೆ ಸಿದ್ಧವಾಗುವ ಮಹಾಯೋಜನೆಗಳಿಗೆ ವಲಯ ನಿಯಮಾವಳಿಗಳಿರುತ್ತವೆ. ಅವುಗಳ ಭಾಷೆಯಲ್ಲಿ ನಿವೇಶನದ ಮುಂಭಾಗವೆಂದರೆ ರಸ್ತೆಗೆ ತಾಗಿರುವ ಬದಿ. ಆಳವೆಂದರೆ ಮುಂದಿನ ಗಡಿಗೂ ಹಿಂದಿನ ಗಡಿಗೂ ನಡುವಣ ಸರಾಸರಿ ಸಮತಲ ದೂರ. ನೆಲ ಇಳಿಜಾರಾಗಿದ್ದರೂ, ಪಕ್ಕದ ಗಡಿ ಓರೆಯಾಗಿದ್ದರೂ ಟೇಪನ್ನು ಅದರ ಗುಂಟ ಎಳೆದು ಪಡೆದ ಉದ್ದ ಆಳವಾಗುವುದಿಲ್ಲ. ಮೂಲೆ ನಿವೇಶನದಲ್ಲಿ ಸಾಮಾನ್ಯವಾಗಿ ಎರಡೂ ರಸ್ತೆಗಳ ಬದಿಯನ್ನು ಮುಂಭಾಗವೆಂದೇ ಪರಿಗಣಿಸಿ ಸೆಟ್‌ಬ್ಯಾಕ್ ಬಿಡಿಸಲಾಗುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ನಾಲೆಯ ಪಕ್ಕದ ನಿವೇಶನವೊಂದು ರಸ್ತೆಯ ಕಡೆ 40 ಅಡಿ, ಹಿಂಬದಿಯಲ್ಲಿ 30 ಅಡಿ ಅಗಲವಿದ್ದು, ಈ ಎರಡು ಸಮಾನಾಂತರ ಗಡಿಗಳ ನಡುವೆ 60 ಅಡಿ ಆಳವಿದೆ. ಮಾತುಕತೆಯಲ್ಲಿ ಅದು ‘40-60 ಸೈಟು’, ಅಂದರೆ 2,400 ಚದರ ಅಡಿ. ಸರಾಸರಿ ಅಗಲ 35 ಅಡಿಯಾದ್ದರಿಂದ ನೈಜ ವಿಸ್ತೀರ್ಣ 2,100 ಚದರ ಅಡಿ ಮಾತ್ರ. ಕೊಂಡವರು 300 ಚದರ ಅಡಿಗೆ ಬೆಲೆಯನ್ನೂ ಮುದ್ರಾಂಕ ಶುಲ್ಕವನ್ನೂ ವ್ಯರ್ಥವಾಗಿ ತೆತ್ತಂತಾಯಿತು. ಎಫ್.ಎ.ಆರ್. 1.5 ಎಂದು ಭಾವಿಸಿದರೆ, ಎಣಿಸಿದ್ದಕ್ಕಿಂತ 450 ಚದರ ಅಡಿ ಕಟ್ಟಡವೂ ಕಡಿಮೆಯಾಗುತ್ತದೆ.

ರಸ್ತೆಯ ಅಗಲವೂ ಲೆಕ್ಕಕ್ಕೆ ಬರುತ್ತದೆ. ಮಹಾಯೋಜನೆಯಲ್ಲಿ ರಸ್ತೆ ವಿಸ್ತರಣೆಯ ಪ್ರಸ್ತಾವವಿದ್ದರೆ ಸೆಟ್‌ಬ್ಯಾಕನ್ನು ಇಂದಿನ ಚರಂಡಿಯಿಂದಲ್ಲ, ಪ್ರಸ್ತಾಪಿತ ರಸ್ತೆಯ ಅಂಚಿನಿಂದ ಅಳೆಯಬೇಕಾಗುತ್ತದೆ. ಹೆದ್ದಾರಿ ಬದಿಯಲ್ಲಿ ಕಟ್ಟಡ ರೇಖೆಯ ನಿರ್ಬಂಧ ಬೇರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ತರುವಾಯ ಅದರ ಆಸುಪಾಸಿನಲ್ಲಿ ಜಾಗ ಅರಸುವವರು ಇದನ್ನು ಮರೆಯಬಾರದು.

ಕೃಷಿ ಜಮೀನನ್ನು ಪರಿವರ್ತಿಸಿ ಉದ್ಯಮ ಆರಂಭಿಸುವವರಿಗೆ ಲೆಕ್ಕ ಗುಂಟೆಯಲ್ಲಿರುತ್ತದೆ. ಎಕರೆಗೆ 40 ಗುಂಟೆ. ಗುಂಟೆಗೆ 33 ಅಡಿ ಚೌಕ, ಅಂದರೆ 1,089 ಚದರ ಅಡಿ. ಇದನ್ನು 1,000 ಎಂದು ಹಿಡಿದರೆ 20 ಗುಂಟೆಯಲ್ಲಿ 1,780 ಚದರ ಅಡಿ ತಪ್ಪಿಹೋಗುತ್ತದೆ. ಪಹಣಿಯಲ್ಲಿನ ಖರಾಬನ್ನೂ ಗಮನಿಸಬೇಕು. ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ ‘ಬಿ’ ಖರಾಬು ಮಾರುವವರ ಸ್ವತ್ತಲ್ಲ. ಹಿಡುವಳಿಯ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11-ಇ ನಕ್ಷೆ ಅವಶ್ಯ.

ಕ್ರಯಪತ್ರದ ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ಹೊಂದಾಣಿಕೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಖಚಿತವಾದ ಚೆಕ್ಕುಬಂದಿಗೇ ಮಾನ್ಯತೆ ನೀಡುತ್ತವೆ. ಬ್ಯಾಂಕಿನ ಮೌಲ್ಯಮಾಪಕರು ಸ್ಥಳದಲ್ಲಿ ಇರುವುದನ್ನು ಅಳೆಯುತ್ತಾರೆಯೇ ಹೊರತು ಪತ್ರದಲ್ಲಿ ಬರೆದದ್ದನ್ನಲ್ಲ. ಸಾಲದ ಮಿತಿಯೂ ಅದಕ್ಕನುಗುಣವಾಗಿ ಇಳಿಯುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಸರ್ವೇಯರಿಂದ ನಾಲ್ಕೂ ಬದಿ ಮತ್ತು ಒಂದು ಕರ್ಣವನ್ನು ಅಳೆಯಿಸಿ, ಜಮೀನಾದರೆ ಹದ್ದುಬಸ್ತು ಮಾಡಿಸಿ, ಮೀಟರ್ ಹಾಗೂ ಅಡಿ ಎರಡರಲ್ಲೂ ಅಳತೆ ನಮೂದಿಸಿದ ನಕ್ಷೆಯನ್ನು ಕ್ರಯಪತ್ರಕ್ಕೆ ಲಗತ್ತಿಸುವುದು ಒಳಿತು. ಕರಾರಿನಲ್ಲಿ ‘ಸುಮಾರು’ ಎಂಬ ಪದದ ಬದಲು ‘ವಾಸ್ತವ ಅಳತೆಯಂತೆ ಬೆಲೆ’ ಎಂದು ಬರೆಸಬೇಕು. ಈ ಖರ್ಚು ಒಂದು ಚದರ ಅಡಿಯ ತಕರಾರಿಗೆ ನ್ಯಾಯಾಲಯಕ್ಕೆ ಅಲೆಯುವ ಖರ್ಚಿಗಿಂತ ಎಷ್ಟೋ ಕಡಿಮೆ.