ಜಪಾನೀ ಕಲಿಕೆ: ಕನ್ನಡದ ‘ಆಗ’ ಮತ್ತು ‘ಬೇಕು’

ಜಪಾನೀ ಭಾಷೆ ಕಲಿಯಲು ಮೊದಲು ಇಂಗ್ಲಿಷ್ ಚೆನ್ನಾಗಿ ಬರಬೇಕು ಎಂದುಕೊಂಡು ಹಿಂಜರಿಯುವವರಿದ್ದಾರೆ. ವ್ಯಾಕರಣದ ಮಟ್ಟಿಗೆ ಜಪಾನೀ ಭಾಷೆಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರ. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆರಂಭದ ಹಂತದಲ್ಲೇ ಕಲಿಯಬೇಕಾದ ಎರಡು ವಿಷಯಗಳಲ್ಲಿ ಇದನ್ನು ನೋಡೋಣ.

ಯಾವಾಗ ನಡೆಯಿತು?

‘ತೊಕಿ’ ಎಂದರೆ ಸಮಯ, ನಮ್ಮ ‘ಆಗ’. ‘ನಿಹೊನ್ ಎ ಇಕು ತೊಕಿ, ಕಬನ್ ಒ ಕೈಮಶಿತ’ ಎಂದರೆ ಜಪಾನಿಗೆ ಹೋಗುವಾಗ ಬ್ಯಾಗ್ ಕೊಂಡೆ. ಅಲ್ಲಿಗೆ ತಲುಪುವ ಮೊದಲೇ ಕೊಂಡದ್ದು. ‘ಇಕು’ ಬದಲು ‘ಇತ್ತ’ ಎಂದರೆ ಹೋದಾಗ ಕೊಂಡೆ; ಅಂದರೆ ಜಪಾನಿನಲ್ಲೇ ಕೊಂಡದ್ದು. ‘ಹೋಗುವಾಗ’, ‘ಹೋದಾಗ’ ಎಂಬ ವ್ಯತ್ಯಾಸ ನಮಗೆ ಹೊಸದಲ್ಲ.

‘ಮೊದಲು’ ಎನ್ನಲು ‘ಮಎ ನಿ’, ‘ಮೇಲೆ’ ಎನ್ನಲು ‘ಅತೊ ದೆ’. ನಿನ್ನೆಯ ಮಾತಾದರೂ ‘ತಬೆರು ಮಎ ನಿ’ (ತಿನ್ನುವ ಮೊದಲು) ಎನ್ನಬೇಕೇ ಹೊರತು ‘ತಬೆತ ಮಎ ನಿ’ ಎನ್ನುವಂತಿಲ್ಲ. ನಾಳೆಯ ಮಾತಾದರೂ ‘ತಬೆತ ಅತೊ ದೆ’ (ತಿಂದ ಮೇಲೆ) ಎಂದೇ ಹೇಳಬೇಕು. ಕನ್ನಡದಲ್ಲೂ ‘ತಿಂದ ಮೊದಲು’, ‘ತಿನ್ನುವ ಮೇಲೆ’ ಎನ್ನುವುದಿಲ್ಲವಲ್ಲ! ಇಂಗ್ಲಿಷಿನ ಮೂಲಕ ಕಲಿಯುವವರು ಉರುಹೊಡೆಯುವ ಈ ನಿಯಮ ನಮ್ಮ ನಾಲಿಗೆಯಲ್ಲೇ ಇದೆ.

ಏನು ಬೇಕು?

ಇಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ಒಂದೇ ‘ಬೇಕು’ ಜಪಾನಿಯಲ್ಲಿ ನಾಲ್ಕಾಗುತ್ತದೆ.

1. ವಸ್ತು ಬೇಕಾದರೆ ‘ಹೊಶೀ’: ‘ಹೊನ್ ಗ ಹೊಶೀ ದೆಸ್’ – ಪುಸ್ತಕ ಬೇಕು.
2. ತಾನೇ ಮಾಡುವ ಆಸೆಗೆ ‘ತೈ’: ‘ಇಕಿಮಸ್’ನಲ್ಲಿ ‘ಮಸ್’ ತೆಗೆದು ‘ತೈ’ ಸೇರಿಸಿದರೆ ‘ಇಕಿತೈ’ – ಹೋಗುವಾಸೆ.
3. ಬೇರೆಯವರು ಮಾಡಲಿ ಎಂಬ ಆಸೆಗೆ ‘ತೆ ಹೊಶೀ’: ‘ಕಿತೆ ಹೊಶೀ’ – ನೀವು ಬರಬೇಕು.
4. ಕರ್ತವ್ಯಕ್ಕೆ ‘ಇಕನಕೆರೆಬ ನರಿಮಸೆನ್’ – ಹೋಗಲೇಬೇಕು.

ನಮ್ಮ ಕೈಯಲ್ಲಿಲ್ಲದ ಸಂಗತಿ ನೆರವೇರಲಿ ಎನ್ನಲು ‘ತೊ ಈ’ ಇದೆ. ‘ಗೋಕಕು ದೆಕಿರು ತೊ ಈ ದೆಸ್’ ಎಂದರೆ ಪಾಸಾದರೆ ಒಳ್ಳೆಯದು. ‘ಈ’ ಎಂದರೆ ಒಳ್ಳೆಯದು ಎಂದೇ ಅರ್ಥ.

‘ತೈ’ ಮುಖ್ಯವಾಗಿ ನಮ್ಮ ಮನಸ್ಸಿನ ಮಾತಿಗೆ. ಇನ್ನೊಬ್ಬರ ಆಸೆಯನ್ನು ನಾವೇ ತೀರ್ಮಾನಿಸಿ ಹೇಳದೆ, ‘ಇಕಿತೈ ತೊ ಇತ್ತೆ ಇಮಸ್’ (ಹೋಗಬೇಕು ಎನ್ನುತ್ತಿದ್ದಾರೆ) ಎನ್ನುವುದು ವಾಡಿಕೆ. ಗುರುಗಳನ್ನು ‘ಒಚ ಒ ನೊಮಿತೈ ದೆಸ್ ಕ’ (ಚಹಾ ಕುಡಿಯುವ ಆಸೆಯೇ) ಎಂದು ಕೇಳುವುದು ಸರಿಯಲ್ಲ. ‘ಒಚ ವ ಇಕಗ ದೆಸ್ ಕ’ ಎಂದರೆ ನಮ್ಮ ‘ಚಹಾ ಆಗಬಹುದೇ ಸಾರ್’ ಎಂಬಷ್ಟೇ ವಿನಯ.

ಜಪಾನೀ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ. ಬೆಂಗಳೂರಿನಲ್ಲೂ ಪರೀಕ್ಷಾ ಕೇಂದ್ರವಿದೆ. ಆರಂಭಿಸುವವರು ತಮ್ಮ ನೋಟ್ಸನ್ನು ಕನ್ನಡದಲ್ಲೇ ಬರೆದುಕೊಳ್ಳಲಿ. ‘ಬೇಕು’ ಬಂದಲ್ಲೆಲ್ಲ ಒಂದು ಕ್ಷಣ ನಿಂತು, ‘ಯಾವ ಬೇಕು?’ ಎಂದು ಕೇಳಿಕೊಳ್ಳಲಿ.