25 ದಿನಗಳ ಲೆಕ್ಕದ ಆಸ್ಪತ್ರೆ

ಆಸ್ಪತ್ರೆಗೆ ಹಣ ಎಲ್ಲಿಂದ, ಯಾವ ಲೆಕ್ಕದಲ್ಲಿ ಬರುತ್ತದೆ ಎಂದು ಹುಡುಕುತ್ತಿದ್ದಾಗ ನನಗೆ ಅಮೆರಿಕದ ಒಂದು ಬಗೆಯ ಆಸ್ಪತ್ರೆಯ ವಿಷಯ ಸಿಕ್ಕಿತು. ಅಲ್ಲಿ ಅದನ್ನು ಲಾಂಗ್ ಟರ್ಮ್ ಅಕ್ಯೂಟ್ ಕೇರ್ ಹಾಸ್ಪಿಟಲ್ ಎನ್ನುತ್ತಾರೆ. ಇದು ವೃದ್ಧಾಶ್ರಮವಲ್ಲ. ಐಸಿಯುನಲ್ಲಿ ಜೀವವೇನೋ ಉಳಿದಿದೆ, ಆದರೆ ವೆಂಟಿಲೇಟರ್ ಇಲ್ಲದೆ ಉಸಿರಾಡಲು ಆಗುತ್ತಿಲ್ಲ, ದೊಡ್ಡ ಗಾಯ ಮಾಯುತ್ತಿಲ್ಲ. ಅಂಥವರು ಇಲ್ಲಿಗೆ ಬಂದು ವಾರಗಟ್ಟಲೆ ಇರುತ್ತಾರೆ.

ಇದರ ಹಿಂದಿನ ಲೆಕ್ಕ ಕಾಮರ್ಸ್‌ನವರಿಗೆ ಬೇಗ ಅರ್ಥವಾಗುತ್ತದೆ. ಮೆಡಿಕೇರ್ ಎಂಬುದು ಅಲ್ಲಿ ಮುಖ್ಯವಾಗಿ 65 ವರ್ಷ ದಾಟಿದವರ ಸರ್ಕಾರಿ ವಿಮೆ. ಮೊದಲು ಅದು ಆಸ್ಪತ್ರೆ ತೋರಿಸಿದ ಖರ್ಚನ್ನು ಕೊಡುತ್ತಿತ್ತು. 1983ರಲ್ಲಿ ಪದ್ಧತಿ ಬದಲಾಗಿ, ಇಂಥ ಕಾಯಿಲೆಗೆ ಇಷ್ಟು ಎಂದು ಮೊದಲೇ ದರ ನಿಗದಿಯಾಯಿತು. ರೋಗಿ ಬೇಗ ಮನೆಗೆ ಹೋದರೆ ಆಸ್ಪತ್ರೆಗೆ ಉಳಿತಾಯ, ತಡವಾದರೆ ನಷ್ಟ. ತಿಂಗಳುಗಟ್ಟಲೆ ಮಲಗುವ ರೋಗಿಗೆ ಈ ದರ ಹೊಂದುವುದಿಲ್ಲ. ಹಾಗಾಗಿ ರೋಗಿಗಳು ಸರಾಸರಿ 25 ದಿನಕ್ಕಿಂತ ಹೆಚ್ಚು ಉಳಿಯುವ ಆಸ್ಪತ್ರೆಗಳನ್ನು ಆ ಪದ್ಧತಿಯಿಂದ ಹೊರಗಿಟ್ಟರು. 2002ರ ಅಕ್ಟೋಬರ್‌ನಿಂದ ಅವುಗಳಿಗೂ ಬೇರೆಯೇ ದರಪಟ್ಟಿ ಬಂತು.

ಆ ಪಟ್ಟಿಯಲ್ಲೊಂದು ಗಂಟು ಇತ್ತು. ಆಯಾ ಕಾಯಿಲೆಯ ಸರಾಸರಿ ಅವಧಿಯಲ್ಲಿ ಆರರಲ್ಲಿ ಐದು ಭಾಗ ಮುಗಿಯುವ ಮುನ್ನವೇ ರೋಗಿ ಹೊರಟರೆ ಹಣ ಕಡಿಮೆ. ಸರಾಸರಿ 30 ದಿನವಾದರೆ 25ನೇ ದಿನವೇ ಗಡಿ. 2018ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಸಂಶೋಧನೆಗಳು ಮೆಡಿಕೇರ್ ದಾಖಲೆಗಳನ್ನು ಪರಿಶೀಲಿಸಿದಾಗ, ಡಿಸ್ಚಾರ್ಜ್ ಸಂಖ್ಯೆ ಸರಿಯಾಗಿ ಆ ಗಡಿಯಲ್ಲೇ ಏಕಾಏಕಿ ಏರಿದ್ದು ಕಂಡಿತು. ರೋಗಿಯ ಶ್ವಾಸಕೋಶಕ್ಕೇನು ದರಪಟ್ಟಿ ಗೊತ್ತಿರುತ್ತದೆಯೇ? 2013ರ ಕಾನೂನು ಪೂರ್ತಿ ದರಕ್ಕೆ ಇನ್ನೂ ಬಿಗಿಯಾದ ಷರತ್ತು ಹಾಕಿತು: ರೋಗಿ ಬರುವ ಮುನ್ನ ಕನಿಷ್ಠ 3 ದಿನ ಐಸಿಯುನಲ್ಲಿ ಇದ್ದಿರಬೇಕು, ಇಲ್ಲವೇ ಇಲ್ಲಿ 96 ಗಂಟೆಗಿಂತ ಹೆಚ್ಚು ವೆಂಟಿಲೇಟರ್ ಬೇಕಾಗಿರಬೇಕು. ಅಂದರೆ ಪೂರ್ತಿ ದರ ಸಿಗುವುದು ಇನ್ನೂ ಕಠಿಣ ಸ್ಥಿತಿಯವರಿಗೆ.

ಇಂಥ ಕಡೆ ನರ್ಸಿಂಗ್ ಮುಖ್ಯಸ್ಥರ ಕೆಲಸ ಏನು? ಮೆಡಿಕೇರ್ ನಿಯಮದಂತೆ 24 ಗಂಟೆಯೂ ನರ್ಸಿಂಗ್ ಸೇವೆ ಇರಬೇಕು, ಅದರ ಮುಖ್ಯಸ್ಥರು ನೋಂದಾಯಿತ ನರ್ಸ್ ಆಗಿರಲೇಬೇಕು. ನಮ್ಮ ವ್ಯವಹಾರ ಅಧ್ಯಯನ ಪುಸ್ತಕದ ಸಿಬ್ಬಂದಿ ನಿಯೋಜನೆ ಪಾಠ ಇಲ್ಲಿ ಜೀವ ತಳೆಯುತ್ತದೆ. ಹಾಸಿಗೆಯಲ್ಲೇ ಇರುವ ರೋಗಿಗೆ ಹುಣ್ಣಾಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೆ 12 ಸಲ. ಅಂಥ 20 ಜನರಿದ್ದರೆ 240 ಸಲ, ಪ್ರತಿ ಸಲಕ್ಕೂ ಇಬ್ಬರು ಬೇಕು. ಇದರ ಜೊತೆಗೆ ಗಂಟಲಿನ ಕೊಳವೆಯಿಂದ ಕಫ ತೆಗೆಯುವುದು, ಔಷಧ, ಡ್ರೆಸಿಂಗ್, ಉಸಿರಿನ ಕೊಳವೆ ಹಾಕಿದ್ದರಿಂದ ಮಾತಾಡಲಾಗದವರ ಸನ್ನೆ ಅರ್ಥ ಮಾಡಿಕೊಳ್ಳುವುದು. ಹಾಸಿಗೆ ಎಣಿಸಿ ನರ್ಸ್‌ಗಳನ್ನು ಹಂಚಿದರೆ ಸಾಲದು, ಯಾವ ರೋಗಿಯ ಭಾರ ಎಷ್ಟು ಎಂದು ಪಾಳಿ ಪಾಳಿಗೂ ತೂಗಬೇಕು.

ಮಗ್ಗುಲು ಬದಲಿಸುವುದಕ್ಕೆ ನಮ್ಮ ಮನೆಯ ಉರ್ದುವಿನಲ್ಲಿ ಕರ್ವಟ್ ಎನ್ನುತ್ತೇವೆ. ದಾದಾಗೆ ಪಾರ್ಶ್ವವಾಯು ಆದಾಗ ರಾತ್ರಿ ಎರಡರ ಕರ್ವಟ್ ನನ್ನದು ಮತ್ತು ಅಬ್ಬಾದು, ನಾಲ್ಕರದು ಅಮ್ಮಿ ಮತ್ತು ಆಪಾದು. ಒಬ್ಬರಿಗಾಗಿ ನಾಲ್ವರು! ಹಾಗಾಗಿ 240 ಎಂಬ ಅಂಕಿ ನನಗೆ ಬರೀ ಗುಣಾಕಾರವಾಗಿ ಕಾಣಲಿಲ್ಲ.

ವೆಂಟಿಲೇಟರ್ ಬಿಡಿಸುವುದೂ ಹೀಗೆಯೇ ನಿಧಾನದ ಕೆಲಸ. ಇಂದು ಸ್ವಲ್ಪ ಹೊತ್ತು ಸ್ವಂತ ಉಸಿರು, ನಾಳೆ ಇನ್ನಷ್ಟು, ನಾಡಿದ್ದು ಮತ್ತೆ ಹಿಂದಕ್ಕೆ. ವೈದ್ಯರು ರೌಂಡ್ಸ್ ಮುಗಿಸಿ ಹೋಗುತ್ತಾರೆ. ಬೆವರು, ಗಾಬರಿ, ಉಸಿರಿನ ವೇಗ ಹಾಸಿಗೆ ಪಕ್ಕದ ನರ್ಸ್‌ಗೆ ಮೊದಲು ಕಾಣುತ್ತದೆ. ಹೊಸ ನರ್ಸ್ ಕೂಡ ಹಿಂಜರಿಯದೆ ಅದನ್ನು ವೈದ್ಯರಿಗೆ ಹೇಳುವಂತಿರಬೇಕು. ಆ ವಾತಾವರಣ ತರುವುದು ಮುಖ್ಯಸ್ಥರ ಹೊಣೆ.

ಡಿಸ್ಚಾರ್ಜ್ ಚರ್ಚೆಯಲ್ಲೂ ಅವರ ಮಾತು ಬೇಕೇ ಬೇಕು. ಲೆಕ್ಕಪತ್ರದವರು ದಿನ ಎಣಿಸುತ್ತಿರುತ್ತಾರೆ. ಕಫ ತೆಗೆಯುವುದನ್ನು ಮನೆಯವರು ಕಲಿತಿದ್ದಾರೆಯೇ, ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ಬದಲಿಸಲು ಅಲ್ಲಿ ಇಬ್ಬರಿದ್ದಾರೆಯೇ ಎಂದು ಕೇಳಬೇಕಾದವರು ನರ್ಸ್.